ಬಿಎಸ್ಸಿ ಕ್ವಾಂಟಂ ಪೇಪರ್: ಡೆರಿವೇಶನ್ ಬರುತ್ತದೆ, ಲೆಕ್ಕ ಬರುವುದಿಲ್ಲ. ನಿಮ್ಮಲ್ಲಿ ಹೇಗೆ ಕಲಿಸಿದರು?

ಆಳಂದ ರಸ್ತೆ

ಕಲಬುರಗಿಯಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಕಾಲೇಜಿನ ಹೆಸರು ಹೇಳುವುದಿಲ್ಲ. ಬೇರೆ ಕಾಲೇಜಿನ ಗೆಳತಿಯರನ್ನು ಕೇಳಿದರೂ ಇದೇ ಕತೆ ಹೇಳುತ್ತಾರೆ.

ಈ ಸೆಮ್‌ನಲ್ಲಿ ಕ್ವಾಂಟಂ ಮೆಕ್ಯಾನಿಕ್ಸ್ ಇದೆ, ಎಲೆಕ್ಟ್ರಾನಿನಂಥ ಅತಿ ಸಣ್ಣ ಕಣಗಳ ಫಿಸಿಕ್ಸ್. ನಾನು ಫಿಸಿಕ್ಸ್ ತೆಗೆದುಕೊಂಡಿದ್ದೇ ಇದಕ್ಕಾಗಿ. ಕಣ್ಣು ಕುಕ್ಕುವ ಹಾಗೆ ಕೆಂಪು ಬೆಳಕು ಬಿಟ್ಟರೂ ಲೋಹದಿಂದ ಒಂದು ಎಲೆಕ್ಟ್ರಾನ್ ಬರುವುದಿಲ್ಲ, ಮಂದವಾದ ನೇರಳಾತೀತ ಬೆಳಕು ಬಿದ್ದ ತಕ್ಷಣ ಬರುತ್ತದೆ ಅಂತ ಪಿಯುಸಿಯಲ್ಲಿ ಓದಿದಾಗಿನಿಂದ ಇದರ ಒಳಗೆ ಏನಿದೆ ನೋಡಬೇಕು ಅಂತ ಆಸೆ.

ಕ್ಲಾಸ್ ಹೇಗಿದೆ ಅಂದರೆ, ಸರ್ ಬರುತ್ತಾರೆ, ಬೋರ್ಡಿನ ಎಡ ತುದಿಯಿಂದ ಶುರು ಮಾಡುತ್ತಾರೆ, ಬಲ ತುದಿಗೆ ಬಂದು ಒರೆಸಿ ಮತ್ತೆ ಎಡಕ್ಕೆ ಹೋಗುತ್ತಾರೆ, ನಾವು ಇಳಿಸಿಕೊಳ್ಳುತ್ತೇವೆ. ಸರ್ ಕೆಟ್ಟವರಲ್ಲ. ಒಂದು ದಿನವೂ ಕ್ಲಾಸ್ ತಪ್ಪಿಸಿಲ್ಲ, ಕೈಬರಹ ಮುತ್ತಿನ ಹಾಗಿದೆ. ಆದರೆ ಬೋರ್ಡಿನ ಮೇಲೆ ಬಂದ ಉತ್ತರ ಏನು ಹೇಳುತ್ತದೆ ಅಂತ ಅವರೂ ನಿಂತು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಇಂಟರ್ನಲ್‌ನಲ್ಲಿ ಪೆಟ್ಟಿಗೆಯೊಳಗಿನ ಕಣದ ಡೆರಿವೇಶನ್ ಬಂತು, ಅಂದರೆ ಎರಡು ಗೋಡೆಗಳ ನಡುವೆ ಸಿಕ್ಕ ಕಣದ ಶಕ್ತಿಯ ಸೂತ್ರವನ್ನು ಹಂತಹಂತವಾಗಿ ಪಡೆಯುವುದು, ಹತ್ತು ಮಾರ್ಕ್ಸ್. ನಮ್ಮ ಬೆಂಚಿನವರೆಲ್ಲ ಎರಡು ಪುಟ ಬರೆದೆವು, ಎಲ್ಲರಿಗೂ ಮಾರ್ಕ್ಸ್ ಬಂತು. ಹೊರಗೆ ಬಂದ ಮೇಲೆ ನಾನು ಕೇಳಿದೆ: ಒಂದು ನ್ಯಾನೋಮೀಟರ್ ಅಗಲದ ಪೆಟ್ಟಿಗೆಯಲ್ಲಿ ಎಲೆಕ್ಟ್ರಾನ್ ಇದ್ದರೆ ಅದರ ಅತಿ ಕಡಿಮೆ ಶಕ್ತಿ ಎಷ್ಟು? ಯಾರೂ ಹೇಳಲಿಲ್ಲ. ಅದು ದೊಡ್ಡದಾ ಸಣ್ಣದಾ ಅನ್ನುವ ಅಂದಾಜೂ ಯಾರಿಗೂ ಇರಲಿಲ್ಲ.

ನನಗೆ ಅನ್ನಿಸುವುದು ಇಷ್ಟು. ಈ ಪೇಪರಿನಲ್ಲಿ ನಾವು ಒಂದು ಸಲವೂ ಒಂದು ಸಂಖ್ಯೆ ಹಾಕಿ ನೋಡುವುದಿಲ್ಲ, ಅದಕ್ಕೇ ಇದು ಎಲ್ಲರಿಗೂ ಮಂತ್ರದ ಹಾಗೆ ಕೇಳುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಇದನ್ನು ಓದಿದವರು ಹೇಳಿ, ನಿಮಗೆ ಹೇಗೆ ಕಲಿಸಿದರು? ಯಾವಾಗ ಅರ್ಥವಾಯಿತು? ಕಲಿಸುವವರು ಯಾರಾದರೂ ಇದ್ದರೆ ನೀವೂ ಹೇಳಿ.

ಎಂಎಸ್ಸಿ ಫೈನಲ್

ತಂಗೀ, ನಿನ್ನ ಪ್ರಶ್ನೆಗೆ ಮೊದಲು ಉತ್ತರ. ಆಮೇಲೆ ಉಳಿದ ಮಾತು.

ಸೂತ್ರ ನಿನ್ನ ಹತ್ತಿರ ಇದೆ: ಎನ್ ವರ್ಗ, ಗುಣಿಸು ಎಚ್ ವರ್ಗ, ಭಾಗಿಸು 8 ಎಂ ಎಲ್ ವರ್ಗ. ಎನ್ ಅಂದರೆ ಹಂತದ ಸಂಖ್ಯೆ, ಇಲ್ಲಿ 1. ಎಚ್‌ಗೆ, ಅಂದರೆ ಪ್ಲ್ಯಾಂಕ್ ಸ್ಥಿರಾಂಕಕ್ಕೆ, 6.626 ಗುಣಿಸು 10ರ ಮೈನಸ್ 34ನೇ ಘಾತ, ಎಂಗೆ ಎಲೆಕ್ಟ್ರಾನಿನ ದ್ರವ್ಯರಾಶಿ 9.11 ಗುಣಿಸು 10ರ ಮೈನಸ್ 31, ಎಲ್‌ಗೆ, ಅಂದರೆ ಮೀಟರ್‌ನಲ್ಲಿ ಪೆಟ್ಟಿಗೆಯ ಅಗಲಕ್ಕೆ, 10ರ ಮೈನಸ್ 9. ಜೂಲ್‌ನಲ್ಲಿ ಬಂದದ್ದನ್ನು 1.6 ಗುಣಿಸು 10ರ ಮೈನಸ್ 19ರಿಂದ ಭಾಗಿಸು. 0.376 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ, ಪರಮಾಣುಗಳ ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ ಅದು. ಹೈಡ್ರೋಜನ್ ಎಲೆಕ್ಟ್ರಾನ್ ಕೀಳಲು 13.6 ಬೇಕು. ಕೋಣೆಯ ಬಿಸಿಯಲ್ಲಿ ಒಂದು ಕಣಕ್ಕೆ ಸಿಗುವ ಶಕ್ತಿ ಸುಮಾರು 0.025. ಅಂದರೆ 0.376 ಆ ಎರಡರ ಮಧ್ಯೆ ಇದೆ. ಹೀಗೆ ಪಕ್ಕದಲ್ಲಿ ಇಟ್ಟು ನೋಡಿದರೆ ಮಾತ್ರ ಅಂದಾಜು ಬರುತ್ತದೆ.

ಇಲ್ಲಿಗೆ ನಿಲ್ಲಬೇಡ. ಎರಡನೇ ಹಂತ ಮೊದಲನೆಯದರ ನಾಲ್ಕು ಪಟ್ಟು. ವ್ಯತ್ಯಾಸ ಮೂರು ಪಟ್ಟು, 1.13 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನ್ ಮೇಲಿನ ಹಂತದಿಂದ ಕೆಳಗೆ ಬಿದ್ದಾಗ ಆ ವ್ಯತ್ಯಾಸ ಬೆಳಕಾಗಿ ಹೊರಬರುತ್ತದೆ. 1240ನ್ನು ಅದರಿಂದ ಭಾಗಿಸಿದರೆ ನ್ಯಾನೋಮೀಟರ್‌ನಲ್ಲಿ ತರಂಗಾಂತರ ಬರುತ್ತದೆ, ಸುಮಾರು 1100. ಅವಗೆಂಪು, ಕಣ್ಣಿಗೆ ಕಾಣದು. ಈಗ ಪೆಟ್ಟಿಗೆಯನ್ನು 0.7 ನ್ಯಾನೋಮೀಟರ್‌ಗೆ ಇಳಿಸು. ಶಕ್ತಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ತರಂಗಾಂತರ 540ರ ಹತ್ತಿರ ಬರುತ್ತದೆ. ಹಸಿರು! ಪೆಟ್ಟಿಗೆ ಸಣ್ಣದಾದರೆ ಬಣ್ಣ ಬದಲಾಗುತ್ತದೆ. 2023ರ ರಸಾಯನಶಾಸ್ತ್ರದ ನೊಬೆಲ್ ಕ್ವಾಂಟಂ ಡಾಟ್‌ಗಳಿಗೆ (ನ್ಯಾನೋಮೀಟರ್ ಗಾತ್ರದ ಹರಳಿನ ಚೂರುಗಳಿಗೆ) ಬಂತಲ್ವಾ, ಅಲ್ಲಿ ನಡೆಯುವುದೂ ಇದೇ. ಅದೇ ವಸ್ತು, ಗಾತ್ರ ಬೇರೆ, ಬಣ್ಣ ಬೇರೆ. ನಿಜವಾದ ಡಾಟ್‌ನಲ್ಲಿ ಲೆಕ್ಕ ಇಷ್ಟು ಸರಳ ಇಲ್ಲ. ಆದರೆ ದಿಕ್ಕು ಇದೇ.

ಈ ಹಂತಗಳು ಯಾಕೆ ಬರುತ್ತವೆ ಅಂತ ಕೇಳಿದರೆ, ತತ್ವಪದ ಹಾಡುವವರ ಏಕತಾರಿ ನೋಡಿದ್ದೀಯಲ್ಲ, ತಂತಿಯ ಎರಡೂ ತುದಿ ಕಟ್ಟಿದೆ, ಹಾಗಾಗಿ ಅದರಲ್ಲಿ ಎಲ್ಲ ಅಲೆಯೂ ನಿಲ್ಲುವುದಿಲ್ಲ, ಅರ್ಧ ಅಲೆ, ಒಂದು ಅಲೆ, ಒಂದೂವರೆ, ಹೀಗೆ ಹೊಂದುವುದು ಮಾತ್ರ ನಿಲ್ಲುತ್ತದೆ. ಗೋಡೆಯ ಹತ್ತಿರ ಸೈ, ಅಂದರೆ ಕಣದ ಅಲೆ, ಸೊನ್ನೆಯಾಗಬೇಕು ಅಂತ ನೀವು ಬರೆಯುವ ಆ ಒಂದು ಸಾಲಿನ ಕೆಲಸ ಅದೇ. ಎರಡು ಪುಟದ ಡೆರಿವೇಶನ್‌ನಲ್ಲಿ ಫಿಸಿಕ್ಸ್ ಇರುವುದು ಆ ಸಾಲಿನಲ್ಲಿ. ಉಳಿದದ್ದು ತ್ರಿಕೋನಮಿತಿ.

ಭಾಲ್ಕಿ ಪ್ಯಾಸೆಂಜರ್

ಅಕ್ಕಾ, ಅಣ್ಣಾ, ಇಬ್ಬರ ಮಾತೂ ಚೆನ್ನಾಗಿದೆ. ಆದರೆ ಒಂದು ಮಾತು ಹೇಳಲೇಬೇಕು.

ನಾನು ಬೀದರ್ ಜಿಲ್ಲೆಯವನು, ಹೋದ ವರ್ಷ ಡಿಗ್ರಿ ಮುಗಿಯಿತು. ನಮ್ಮ ಮನೆಯಲ್ಲಿ ಡಿಗ್ರಿ ಅಂದರೆ ಬಿ.ಇಡಿ., ಬಿ.ಇಡಿ. ಅಂದರೆ ಮೇಷ್ಟ್ರ ಕೆಲಸ. ಬಿ.ಇಡಿ. ಸರ್ಕಾರಿ ಸೀಟಿಗೆ ಡಿಗ್ರಿ ಮಾರ್ಕ್ಸ್ ನೋಡುತ್ತಾರೆ. ಸೆಮಿಸ್ಟರ್ ಪೇಪರಿನಲ್ಲಿ ಡೆರಿವೇಶನ್ ಕೇಳುತ್ತಾರೆ, ಡೆರಿವೇಶನ್ ಬರೆದವನಿಗೆ ಮಾರ್ಕ್ಸ್. ಪೆಟ್ಟಿಗೆಯ ಅಗಲ ಎಷ್ಟಾದರೆ ಹಸಿರು ಅಂತ ಯಾರೂ ಕೇಳುವುದಿಲ್ಲ. ಬಾಯಿಪಾಠ ಮಾಡುವವರನ್ನು ಕೀಳಾಗಿ ನೋಡಬೇಡಿ. ಬೆಳಿಗ್ಗೆ ಬಸ್ಸು ಹಿಡಿದು ಬಂದು, ಸಂಜೆ ಹೋಗಿ ಹೊಲದ ಕೆಲಸ ಮಾಡಿ, ರಾತ್ರಿ ಎರಡು ತಾಸು ಓದುವ ಹುಡುಗನಿಗೆ ಆ ಎರಡು ತಾಸಿನಲ್ಲಿ ಏನು ಓದಿದರೆ ಮಾರ್ಕ್ಸ್ ಬರುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ. ತೊಗರಿ ರಾಶಿ ಸಮಯದಲ್ಲಂತೂ ಅದೂ ಇಲ್ಲ.

ನಾನು ಹಾಗೇ ಓದಿದೆ, ಒಳ್ಳೆ ಮಾರ್ಕ್ಸ್ ಬಂತು, ಸೀಟೂ ಸಿಕ್ಕಿತು. ಬದಲಾಗಬೇಕಾದದ್ದು ಪ್ರಶ್ನೆಪತ್ರಿಕೆ. ಅದು ಬದಲಾಗದೆ ಹುಡುಗರಿಗೆ ಅರ್ಥ ಮಾಡಿಕೊಂಡು ಓದಿ ಅಂದರೆ ಅವರ ಹೊಟ್ಟೆಯ ಮೇಲೆ ಹೊಡೆದ ಹಾಗೆ.

ಆಳಂದ ರಸ್ತೆ

ಎಂಎಸ್ಸಿ ಅಣ್ಣಾ, ನಾನೂ ಲೆಕ್ಕ ಮಾಡಿ ನೋಡಿದೆ, 0.376 ಬಂತು. 0.7 ಹಾಕಿದೆ, 539 ಬಂತು. ಬಹಳ ಖುಷಿಯಾಯಿತು.

ಭಾಲ್ಕಿ ಅಣ್ಣಾ, ಕೀಳಾಗಿ ನೋಡುವ ಮಾತು ಖಂಡಿತ ಅಲ್ಲ. ನಮ್ಮ ಬೆಂಚಿನಲ್ಲಿ ಎಲ್ಲರೂ ಹಾಗೇ ಓದುವುದು, ನಾನೂ. ಪ್ರಶ್ನೆಪತ್ರಿಕೆ ಬದಲಾಗಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ನೀವು ನಾಳೆ ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು "ಎಲೆಕ್ಟ್ರಾನ್ ಯಾಕೆ ನ್ಯೂಕ್ಲಿಯಸ್ಸಿನ ಒಳಗೆ ಬೀಳುವುದಿಲ್ಲ ಸರ್" ಅಂತ ಕೇಳಿದರೆ ಆ ಎರಡು ಪುಟ ಸಾಲುತ್ತದಾ? ಆ ಹುಡುಗಿ ನಾನಾಗಿದ್ದೆ, ಅದಕ್ಕೇ ಕೇಳುತ್ತಿದ್ದೇನೆ. ನನಗೆ ಆಗ ಸಿಕ್ಕ ಉತ್ತರ "ಪರೀಕ್ಷೆಗೆ ಬರಲ್ಲ, ಕೂತ್ಕೋ".

ಶಹಾಪುರ ಕಡೆ ಮೇಷ್ಟ್ರು

ನಾನು ಅತಿಥಿ ಉಪನ್ಯಾಸಕ. ಯಾದಗಿರಿ ಜಿಲ್ಲೆಯಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಬೋರ್ಡಿನ ಎಡದಿಂದ ಬಲಕ್ಕೆ ಬರೆಯುವವರ ಪರವಾಗಿ ಸ್ವಲ್ಪ ಮಾತಾಡುತ್ತೇನೆ.

ಒಂದು ವರ್ಷ ನನಗೆ ಆದೇಶ ಕೈಗೆ ಸಿಗುವ ಹೊತ್ತಿಗೆ ಸೆಮಿಸ್ಟರ್ ಶುರುವಾಗಿ ವಾರಗಳು ಕಳೆದಿದ್ದವು. ಸಿಲಬಸ್ ಅಷ್ಟೇ ಇತ್ತು. ಪರೀಕ್ಷೆಯ ದಿನಾಂಕವೂ ಮುಂದಕ್ಕೆ ಹೋಗಲಿಲ್ಲ. ಅಂಥ ಸಮಯದಲ್ಲಿ ಮೇಷ್ಟ್ರು ಏನು ಮಾಡುತ್ತಾರೆ? ಬರೆಸುತ್ತಾರೆ. ಬರೆಸಿದರೆ ಹುಡುಗರ ನೋಟ್‌ಬುಕ್ ತುಂಬುತ್ತದೆ, ಯಾರೂ ದೂರುವುದಿಲ್ಲ. ಪ್ರಶ್ನೆ ಕೇಳುತ್ತಾ ಕೂತರೆ ಒಂದು ಡೆರಿವೇಶನ್‌ಗೆ ಮೂರು ಕ್ಲಾಸ್ ಹೋಗುತ್ತದೆ, ಆಮೇಲೆ ಹುಡುಗರೇ ಬಂದು "ಸರ್, ಪಕ್ಕದ ಕಾಲೇಜಿನಲ್ಲಿ ಮೂರನೇ ಯುನಿಟ್ ಮುಗಿದಿದೆ" ಅನ್ನುತ್ತಾರೆ.

ಇನ್ನೊಂದು ತೊಂದರೆ ಗಣಿತ. ಶ್ರೋಡಿಂಗರ್ ಸಮೀಕರಣ, ಅಂದರೆ ಆ ಅಲೆ ಹೇಗೆ ಬದಲಾಗುತ್ತದೆ ಅಂತ ಹೇಳುವ ಮೂಲ ಸಮೀಕರಣ, ಬರೆದ ಮೊದಲ ಸಾಲಿನಲ್ಲೇ ಐ ಬರುತ್ತದೆ, ಮೈನಸ್ ಒಂದರ ವರ್ಗಮೂಲ. ಎರಡನೇ ಸಾಲಿನಲ್ಲಿ ಆಂಶಿಕ ಡಿಫರೆನ್ಸಿಯೇಶನ್. ಹುಡುಗರು ಅಲ್ಲಿಯೇ ಕೈಬಿಡುತ್ತಾರೆ. ಅವರು ಕೈಬಿಟ್ಟಿದ್ದು ಕ್ವಾಂಟಂ ಅಲ್ಲ, ಸಂಕೀರ್ಣ ಸಂಖ್ಯೆ. ಅದು ಗೊತ್ತಾದ ಮೇಲೆ ನಾನು ಮೊದಲ ವಾರ ಫಿಸಿಕ್ಸ್ ಪುಸ್ತಕ ತೆರೆಯುವುದಿಲ್ಲ. ಸಂಕೀರ್ಣ ಸಂಖ್ಯೆಯನ್ನು ಬಾಣದ ಹಾಗೆ ಬರೆಸುತ್ತೇನೆ, ತಿರುಗಿಸುತ್ತೇನೆ, ಎರಡು ಬಾಣ ಕೂಡಿಸುತ್ತೇನೆ, ಉದ್ದದ ವರ್ಗ ತೆಗೆಸುತ್ತೇನೆ. ಒಂದೇ ದಿಕ್ಕಿನ ಎರಡು ಬಾಣ ಕೂಡಿದರೆ ಉದ್ದ ಎರಡು, ವರ್ಗ ನಾಲ್ಕು. ಎದುರು ಬದುರಾದರೆ ಸೊನ್ನೆ. ಇಷ್ಟು ಕೈಗೆ ಬಂದರೆ ಎರಡು ಸೀಳಿನ ಪ್ರಯೋಗ (ಕಣಗಳನ್ನು ಎರಡು ಸೀಳುಗಳ ಮೂಲಕ ಬಿಟ್ಟು ಪರದೆಯ ಮೇಲೆ ಎಲ್ಲಿ ಬೀಳುತ್ತವೆ ಅಂತ ನೋಡುವುದು) ಅರ್ಧ ಮುಗಿಯಿತು.

ಇನ್ನು ಮಾತಿನ ವಿಷಯ. ನನ್ನ ಕ್ಲಾಸಿನಲ್ಲಿ ಕನ್ನಡ ಮಾಧ್ಯಮದವರು, ಉರ್ದು ಮಾಧ್ಯಮದವರು, ಇಂಗ್ಲಿಷ್ ಮಾಧ್ಯಮದವರು ಎಲ್ಲ ಇದ್ದಾರೆ. ಬೋರ್ಡಿನ ಮೇಲೆ ಇಂಗ್ಲಿಷ್, ಯಾಕಂದ್ರೆ ಪರೀಕ್ಷೆ ಅದರಲ್ಲಿ. ಬಾಯಲ್ಲಿ ಕನ್ನಡ. ನಡುನಡುವೆ ಹಿಂದೆ ಕೂತ ಹುಡುಗರಿಗೆ ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಉರ್ದುವಿನಲ್ಲಿ, ಎರಡು ಮಾತು. ಪ್ರಶ್ನೆ ಅವರ ಮಾತಿನಲ್ಲಿ ಕೇಳಿದ ದಿನ ಕ್ಲಾಸಿನಲ್ಲಿ ಸದ್ದು ಇರುತ್ತದೆ.

ಕೋಡ್ ಮತ್ತು ಕ್ಯೂಬಿಟ್

ನಾನು ಕಲಬುರಗಿಯಲ್ಲೇ ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್. ನಮಗೂ ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಕ್ವಾಂಟಂ ಇತ್ತು, ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರಿನ ಬಿಟ್), ಗೇಟ್ (ಅದರ ಸ್ಥಿತಿ ಬದಲಿಸುವ ಕ್ರಿಯೆ) ಎಲ್ಲ. ನನ್ನ ಪ್ರಕಾರ ಬಿಎಸ್ಸಿಯವರಿಗೆ ಶುರು ಮಾಡುವ ಜಾಗವೇ ತಪ್ಪು. ಯಾಕೆ ಡಿಫರೆನ್ಷಿಯಲ್ ಸಮೀಕರಣದಿಂದ ಶುರು ಮಾಡಬೇಕು? ಎರಡೇ ಸ್ಥಿತಿ ಇರುವ ವ್ಯವಸ್ಥೆ ತೆಗೆದುಕೊಳ್ಳಿ, ಸೊನ್ನೆ ಮತ್ತು ಒಂದು. ಎರಡಕ್ಕೆ ಎರಡರ ಮ್ಯಾಟ್ರಿಕ್ಸ್ ಸಾಕು, ಅದು ಪಿಯುಸಿಯಲ್ಲೇ ಬರುತ್ತದೆ.

ಹಡಮಾರ್ಡ್ ಗೇಟ್ ಅಂತ ಒಂದಿದೆ. ಮೊದಲ ಸಾಲು 1, 1. ಎರಡನೇ ಸಾಲು 1, ಮೈನಸ್ 1. ಇಡೀ ಮ್ಯಾಟ್ರಿಕ್ಸನ್ನು ಎರಡರ ವರ್ಗಮೂಲದಿಂದ ಭಾಗಿಸಿ. ಸೊನ್ನೆ ಸ್ಥಿತಿಗೆ ಒಮ್ಮೆ ಹಾಕಿ, ಅಳೆದರೆ ಅರ್ಧ ಸಲ ಸೊನ್ನೆ, ಅರ್ಧ ಸಲ ಒಂದು. ಈಗ ಮಧ್ಯೆ ಅಳೆಯದೆ ಎರಡು ಸಲ ಹಾಕಿ. ಸಾಮಾನ್ಯ ಸಂಭವನೀಯತೆಯ ಲೆಕ್ಕದಲ್ಲಿ ಮತ್ತೆ ಅರ್ಧ ಅರ್ಧವೇ ಬರಬೇಕು. ಆದರೆ ನೂರಕ್ಕೆ ನೂರು ಸೊನ್ನೆ ಬರುತ್ತದೆ! ಒಂದರ ಕಡೆ ಹೋಗುವ ಎರಡು ದಾರಿಗಳಲ್ಲಿ ಒಂದು ಪ್ಲಸ್ ಅರ್ಧ, ಇನ್ನೊಂದು ಮೈನಸ್ ಅರ್ಧ, ಎರಡೂ ಹೊಡೆದುಹೋಗುತ್ತವೆ. ಕ್ವಾಂಟಂನ ವಿಚಿತ್ರ ಎಲ್ಲ ಈ ಮೈನಸ್‌ನಲ್ಲಿದೆ. ನಾಲ್ಕು ಗುಣಾಕಾರ, ಅಷ್ಟೇ.

ಎಂಎಸ್ಸಿ ಫೈನಲ್

ಕೋಡ್ ತಮ್ಮಾ, ಅರ್ಧ ಒಪ್ಪಿದೆ. ಎರಡು ಸ್ಥಿತಿಯಿಂದ ಶುರು ಮಾಡಿದರೆ ಗಣಿತ ಹಗುರ, ನಿಜ. ಆದರೆ ಅದು ಎಲ್ಲಿಂದ ಬಂತು ಅಂತ ಹೇಳದಿದ್ದರೆ ಹುಡುಗರಿಗೆ ಅದೂ ಇನ್ನೊಂದು ಮಂತ್ರ. ಅದಕ್ಕೆ ಸ್ಟರ್ನ್ ಮತ್ತು ಗೆರ್ಲಾಕ್ ಪ್ರಯೋಗ ಜೊತೆಗಿಡಬೇಕು. 1922, ಬೆಳ್ಳಿಯ ಪರಮಾಣುಗಳನ್ನು ಒಂದೇ ಸಮ ಇಲ್ಲದ ಕಾಂತಕ್ಷೇತ್ರದ ಮೂಲಕ ಬಿಟ್ಟರು. ಹಳೆ ಭೌತಶಾಸ್ತ್ರದ ಪ್ರಕಾರ ಗಾಜಿನ ಮೇಲೆ ಉದ್ದಕ್ಕೆ ಹರಡಿದ ಕಲೆ ಬರಬೇಕಿತ್ತು. ಎರಡಾಗಿ ಸೀಳಿದ ಕಲೆ ಬಂತು. ಮೇಲೆ ಅಥವಾ ಕೆಳಗೆ, ನಡುವೆ ಖಾಲಿ. ಆ ಖಾಲಿ ಜಾಗ ನೋಡಿದ ಮೇಲೆ ಎರಡಕ್ಕೆ ಎರಡರ ಮ್ಯಾಟ್ರಿಕ್ಸ್ ತಂದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ.

ಬೀದರ್‌ನಿಂದ ಬೆಂಗಳೂರು

ಓದಿ ಬಹಳ ಸಂತೋಷವಾಯಿತು. ನಾನು ಬೀದರ್‌ನವಳು, ಡಿಗ್ರಿ ಅಲ್ಲೇ, ಎಂಎಸ್ಸಿ ಕಲಬುರಗಿಯಲ್ಲಿ, ಈಗ ಬೆಂಗಳೂರಿನಲ್ಲಿ ಪಿಎಚ್‌ಡಿ. ಲ್ಯಾಬಿನಲ್ಲಿ ದಿನಾ ಲೇಸರ್ ಜೊತೆ ಕೆಲಸ.

ನನ್ನ ದೂರು ಸಿಲಬಸ್‌ನ ಮೊದಲ ಯುನಿಟ್ ಬಗ್ಗೆ. ಎಲ್ಲೆಡೆ ಅದು ಇತಿಹಾಸದ ಕ್ರಮದಲ್ಲಿದೆ: 1900ರಲ್ಲಿ ಪ್ಲ್ಯಾಂಕ್, 1905ರಲ್ಲಿ ಐನ್‌ಸ್ಟೈನ್, 1913ರಲ್ಲಿ ಬೋರ್, 1923ರಲ್ಲಿ ಕಾಂಪ್ಟನ್, 1924ರಲ್ಲಿ ಡಿ ಬ್ರಾಯ್, 1926ರಲ್ಲಿ ಶ್ರೋಡಿಂಗರ್. ಹೆಸರು ಮತ್ತು ಇಸವಿ ಕಲಿಸುತ್ತಾರೆ, ಆದರೆ ಆ ಜನರಿಗೆ ಏನು ತಲೆನೋವು ಇತ್ತು ಅಂತ ಹೇಳುವುದಿಲ್ಲ. ಕಾಲದ ಕ್ರಮ ಇದೆ, ಕತೆ ಇಲ್ಲ.

ಡೇವಿಸನ್ ಮತ್ತು ಜರ್ಮರ್ ಪ್ರಯೋಗ ತೆಗೆದುಕೊಳ್ಳಿ, 1927. ನಮಗೆ ಚಿತ್ರ ಬರೆಸಿದರು, ಭಾಗಗಳ ಹೆಸರು ಬರೆಸಿದರು, "ಹೀಗೆ ಎಲೆಕ್ಟ್ರಾನ್ ತರಂಗ ಎಂದು ಸಾಬೀತಾಯಿತು" ಅಂತ ಮುಗಿಸಿದರು. ಅದರ ನಿಜವಾದ ರುಚಿ ಎರಡು ಸಂಖ್ಯೆಯಲ್ಲಿದೆ. ಎಲೆಕ್ಟ್ರಾನ್‌ಗೆ 54 ವೋಲ್ಟ್ ಕೊಟ್ಟಿದ್ದರು. ಡಿ ಬ್ರಾಯ್ ಸೂತ್ರದ ಪ್ರಕಾರ 12.27ನ್ನು ವೋಲ್ಟೇಜಿನ ವರ್ಗಮೂಲದಿಂದ ಭಾಗಿಸಿದರೆ ಆಂಗ್‌ಸ್ಟ್ರಾಂನಲ್ಲಿ ತರಂಗಾಂತರ ಬರುತ್ತದೆ. ಮಾಡಿ ನೋಡಿ, 1.67. ಈಗ ಇದನ್ನು ಮರೆತು ನಿಕ್ಕಲ್ ಹರಳಿನ ಕಡೆ ಬನ್ನಿ. ಪರಮಾಣು ಸಾಲುಗಳ ಅಂತರ 2.15 ಆಂಗ್‌ಸ್ಟ್ರಾಂ, ಎಲೆಕ್ಟ್ರಾನ್‌ಗಳು ಜಾಸ್ತಿ ಬಂದದ್ದು 50 ಡಿಗ್ರಿಯಲ್ಲಿ. 2.15ನ್ನು ಸೈನ್ 50ರಿಂದ ಗುಣಿಸಿ. 1.65. ಒಂದು ಸಂಖ್ಯೆ ಬಂದದ್ದು ಕಾಗದದ ಮೇಲಿನ ಕಲ್ಪನೆಯಿಂದ, ಇನ್ನೊಂದು ಲೋಹದ ತುಂಡಿನಿಂದ. ಎರಡೂ ಒಂದೇ ಜಾಗಕ್ಕೆ ಬಂದು ನಿಂತವು. ಎಂಎಸ್ಸಿಯಲ್ಲಿ ಒಬ್ಬ ಮೇಡಂ ಇದನ್ನು ಕ್ಯಾಲ್ಕುಲೇಟರ್ ಕೊಟ್ಟು ನಮ್ಮಿಂದ ಮಾಡಿಸಿದರು. ಇಡೀ ಕ್ಲಾಸ್ ಗಪ್‌ಚುಪ್ ಆಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ "ಮೇಡಂ, ಹಾಗಾದರೆ ಇದು ಖರೇನಾ?" ಅಂದ. ಅಲ್ಲಿಯವರೆಗೆ ಅವನು ಇದನ್ನು ಪುಸ್ತಕದ ಮಾತು ಅಂತಲೇ ತಿಳಿದಿದ್ದ. ನಾವೂ ಅಷ್ಟೇ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಡೆರಿವೇಶನ್ ಬಗ್ಗೆ ಅಸಮಾಧಾನ ಪಡುವುದು ಸಣ್ಣ ವಿಷಯ ಅಲ್ಲ. ಸತ್ಯೇಂದ್ರನಾಥ ಬೋಸ್ ಢಾಕಾದಲ್ಲಿ ಪಾಠ ಮಾಡುತ್ತಿದ್ದರು. ಬಿಸಿ ವಸ್ತು ಸೂಸುವ ಬೆಳಕಿನ ಪ್ಲ್ಯಾಂಕ್ ಸೂತ್ರವನ್ನು ಆಗ ಪಡೆಯುತ್ತಿದ್ದ ರೀತಿ ಅವರಿಗೆ ಹಿಡಿಸಲಿಲ್ಲ, ಅರ್ಧ ಹಳೆಯ ಭೌತಶಾಸ್ತ್ರ, ಅರ್ಧ ಹೊಸದು. ಅವರೇ ಬೇರೆ ದಾರಿಯಲ್ಲಿ ಪಡೆದು 1924ರಲ್ಲಿ ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್‌ಗೆ ಅನುವಾದಿಸಿ ಪ್ರಕಟಿಸಲು ಕೊಟ್ಟರು. ಪ್ರಪಂಚದ ಎರಡು ಬಗೆಯ ಕಣಗಳಲ್ಲಿ ಒಂದು ಬಗೆಗೆ ಬೋಸಾನ್ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಹಾಗಾಗಿ ಆಳಂದ ರಸ್ತೆಯ ತಂಗೀ, ನಿನ್ನ ಪ್ರಶ್ನೆ ಸಣ್ಣದಲ್ಲ. ಬಿಡಬೇಡ.

ಭಾಲ್ಕಿ ಪ್ಯಾಸೆಂಜರ್

ಅಕ್ಕಾ, 1.67 ಮತ್ತು 1.65 ಈಗಷ್ಟೇ ಮೊಬೈಲಿನಲ್ಲಿ ಮಾಡಿದೆ. ಇದನ್ನು ನಮಗೆ ಯಾರೂ ಮಾಡಿಸಲಿಲ್ಲ. ಐದು ನಿಮಿಷದ ಕೆಲಸ. ಸಿಲಬಸ್ ಮುಗಿಸುವ ಅವಸರದಲ್ಲೂ ಐದು ನಿಮಿಷ ಸಿಗಲಿಲ್ವಾ ಅಂತ ಬೇಸರವಾಗುತ್ತದೆ.

ಆದರೂ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವವರು ಒಂದೇ ಒಂದು ಬದಲಾವಣೆ ಮಾಡಲಿ. ಹತ್ತು ಮಾರ್ಕ್ಸ್‌ನ ಡೆರಿವೇಶನ್ ಇದ್ದರೆ ಆರು ಡೆರಿವೇಶನ್‌ಗೆ, ನಾಲ್ಕು ಅದೇ ಸೂತ್ರ ಹಾಕಿ ಮಾಡುವ ಲೆಕ್ಕಕ್ಕೆ. ಕ್ಯಾಲ್ಕುಲೇಟರ್ ಒಳಗೆ ಬಿಡಲಿ. ಒಂದೇ ವರ್ಷದಲ್ಲಿ ಎಲ್ಲ ಕಾಲೇಜಿನಲ್ಲಿ ಲೆಕ್ಕ ಶುರುವಾಗುತ್ತದೆ ನೋಡಿ.

ಶಹಾಪುರ ಕಡೆ ಮೇಷ್ಟ್ರು

ಭಾಲ್ಕಿಯವರೇ, ಈ ಆರು ನಾಲ್ಕರ ಮಾತು ಬಹಳ ಸರಿಯಾಗಿದೆ. ಇಂಟರ್ನಲ್ ಟೆಸ್ಟ್ ನಮ್ಮ ಕೈಯಲ್ಲೇ ಇರುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಾನು ಈ ಸೆಮ್‌ನಿಂದಲೇ ಹಾಗೆ ಮಾಡುತ್ತೇನೆ. ಮುಖ್ಯ ಪರೀಕ್ಷೆಗೆ ಬೋರ್ಡ್ ಆಫ್ ಸ್ಟಡೀಸ್‌ಗೆ, ಅಂದರೆ ವಿಶ್ವವಿದ್ಯಾಲಯದ ಪಠ್ಯಕ್ರಮ ಸಮಿತಿಗೆ, ಬರೆಯಬೇಕು. ಒಬ್ಬರು ಬರೆದರೆ ಆಗುವುದಿಲ್ಲ, ನಾಲ್ಕಾರು ಕಾಲೇಜಿನವರು ಸೇರಿ ಮಾದರಿ ಪ್ರಶ್ನೆಪತ್ರಿಕೆಯನ್ನೇ ತಯಾರಿಸಿ ಕೊಟ್ಟರೆ ಅವರೂ ನೋಡುತ್ತಾರೆ.

ಆಳಂದ ರಸ್ತೆ

ಸರ್, ಮೇಡಂ, ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದಿವೆ.

ಒಂದು, ಸೈ ವರ್ಗ ಅಂದರೆ ಸಂಭವನೀಯತೆ ಅಂತ ಬರೆಯುತ್ತೇವೆ. ಇದನ್ನು ಲೆಕ್ಕದಲ್ಲಿ ಹೇಗೆ ನೋಡುವುದು? ಎರಡು, ನಮ್ಮ ಲ್ಯಾಬಿನಲ್ಲಿ ಬೆಳಕು ಬಿಟ್ಟು ಲೋಹದಿಂದ ಎಲೆಕ್ಟ್ರಾನ್ ಹೊರಡಿಸುವ ಫೋಟೋ ಎಲೆಕ್ಟ್ರಿಕ್ ಉಪಕರಣ ಇದೆ, ಆದರೆ ಕೆಟ್ಟು ಕಪಾಟಿನಲ್ಲಿ ಕೂತಿದೆ, ರೀಡಿಂಗನ್ನು ಹಳೆ ರೆಕಾರ್ಡ್ ನೋಡಿ ಬರೆಸುತ್ತಾರೆ. ಪ್ಲ್ಯಾಂಕ್ ಸ್ಥಿರಾಂಕವನ್ನು ನಾನೇ ಒಂದು ಸಲ ಅಳೆಯಬೇಕು ಅಂತ ಆಸೆ. ಬೇರೆ ದಾರಿ ಇದೆಯಾ?

ಎಂಎಸ್ಸಿ ಫೈನಲ್

ಮೊದಲನೆಯದಕ್ಕೆ ನಾನು. ಅದೇ ಪೆಟ್ಟಿಗೆ, ಮೊದಲ ಹಂತ. ಪೆಟ್ಟಿಗೆಯನ್ನು ನಾಲ್ಕು ಸಮ ಭಾಗ ಮಾಡು. ಎಡಗಡೆಯ ಕಾಲು ಭಾಗದಲ್ಲಿ ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಎಷ್ಟು? ಲೆಕ್ಕ ಮಾಡದೆ ಕೇಳಿದರೆ ಎಲ್ಲರೂ ನೂರಕ್ಕೆ 25 ಅನ್ನುತ್ತಾರೆ. ಈಗ ಸೈನ್ ವರ್ಗವನ್ನು ಸೊನ್ನೆಯಿಂದ ಎಲ್ ಬೈ 4ರ ತನಕ ಇಂಟಿಗ್ರೇಟ್ ಮಾಡು, ಮುಂದೆ 2 ಬೈ ಎಲ್ ಹಾಕು. ಕಾಲು ಮೈನಸ್ 1 ಬೈ 2 ಪೈ ಬರುತ್ತದೆ, 0.091. ನೂರಕ್ಕೆ ಒಂಬತ್ತು! ಬಲ ತುದಿಯ ಕಾಲು ಭಾಗದಲ್ಲೂ ಒಂಬತ್ತು. ಉಳಿದ 82 ನಡುವಿನ ಅರ್ಧದಲ್ಲಿ. ಎಲೆಕ್ಟ್ರಾನ್ ಗೋಡೆಯಿಂದ ದೂರ ಇರುತ್ತದೆ ಅಂತ ಸಮೀಕರಣವೇ ಹೇಳಿತು.

ಎರಡನೇ ಹಂತಕ್ಕೆ ಅದೇ ಲೆಕ್ಕ ಮಾಡು, ಸರಿಯಾಗಿ 25 ಬರುತ್ತದೆ, ಆದರೆ ಈ ಸಲ ಪೆಟ್ಟಿಗೆಯ ನಟ್ಟನಡುವೆ ಸಿಗುವ ಸಾಧ್ಯತೆ ಸೊನ್ನೆ. ಎನ್ ಬಹಳ ದೊಡ್ಡದಾದರೆ ಎಲ್ಲ ಕಾಲು ಭಾಗಕ್ಕೂ 25ರ ಹತ್ತಿರ ಬಂದು ಹಳೆ ಭೌತಶಾಸ್ತ್ರಕ್ಕೆ ಸೇರಿಕೊಳ್ಳುತ್ತದೆ. ನೀವು ಪರೀಕ್ಷೆಗೆ ಬರೆಯುವ ನಾರ್ಮಲೈಸೇಶನ್ ಸಾಲು ಇದೆಯಲ್ಲ, ಅದರ ಕೆಲಸ ನಾಲ್ಕೂ ಭಾಗ ಕೂಡಿದರೆ ನೂರು ಬರುವ ಹಾಗೆ ನೋಡಿಕೊಳ್ಳುವುದು.

ಬೀದರ್‌ನಿಂದ ಬೆಂಗಳೂರು

ಇದಕ್ಕೆ ಒಂದು ಸೇರಿಸುತ್ತೇನೆ. ಸಂಭವನೀಯತೆ ಅಂದರೆ ಏನು ಅಂತ ಕಣ್ಣಿಂದ ನೋಡಬೇಕಾದರೆ ಟೊನೊಮುರಾ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗದ ಚಿತ್ರಗಳನ್ನು ನೋಡಿ. ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಬಿಟ್ಟಿದ್ದಾರೆ. ಮೊದಲು ಹತ್ತಾರು ಚುಕ್ಕಿ, ಅಲ್ಲೊಂದು ಇಲ್ಲೊಂದು, ಯಾವ ಕ್ರಮವೂ ಇಲ್ಲ. ಸಾವಿರಗಟ್ಟಲೆ ಆದ ಮೇಲೆ ಪಟ್ಟೆ ಪಟ್ಟೆ ಎದ್ದು ಕಾಣುತ್ತದೆ. ಪ್ರತಿ ಚುಕ್ಕಿ ಕಣ, ಪಟ್ಟೆ ತರಂಗ. ಎರಡು ಸೀಳಿನ ಬಗ್ಗೆ ಎಷ್ಟು ಮಾತಾಡಿದರೂ ಆ ಐದು ಚಿತ್ರಕ್ಕೆ ಸಮ ಬರುವುದಿಲ್ಲ. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠಗಳೂ ಪುಕ್ಕಟೆ ಇವೆ. ಒಂದೇ ಸಲ ಪೂರ್ತಿ ನೋಡಲು ಹೋಗಬೇಡಿ. ನಿಮ್ಮ ಕ್ಲಾಸಿನಲ್ಲಿ ಆ ವಾರ ನಡೆದದ್ದನ್ನು ಮಾತ್ರ ಹುಡುಕಿ ನೋಡಿ, ಪಕ್ಕದಲ್ಲಿ ಪೆನ್ನು ಇರಲಿ.

ಶಹಾಪುರ ಕಡೆ ಮೇಷ್ಟ್ರು

ಎರಡನೇ ಪ್ರಶ್ನೆ ನನಗೆ ಬಿಡಿ, ಇದು ನನಗೆ ಬಹಳ ಇಷ್ಟದ ಪ್ರಯೋಗ. ಫೋಟೋ ಎಲೆಕ್ಟ್ರಿಕ್ ಉಪಕರಣ ಬೇಡ. ಎಲ್‌ಇಡಿ ಸಾಕು.

ಬೇಕಾದದ್ದು ಒಂದು ಕೆಂಪು ಎಲ್‌ಇಡಿ, ಒಂದು ನೀಲಿ, 9 ವೋಲ್ಟ್ ಬ್ಯಾಟರಿ, ಒಂದು ಕಿಲೋ ಓಮ್ ರೆಸಿಸ್ಟರ್, ಒಂದು ಪೊಟೆನ್ಶಿಯೋಮೀಟರ್ (ತಿರುಗಿಸಿ ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವುದು), ಒಂದು ಮಲ್ಟಿಮೀಟರ್. ಮಲ್ಟಿಮೀಟರ್ ಲ್ಯಾಬಿನಲ್ಲಿ ಇದ್ದೇ ಇರುತ್ತದೆ, ಉಳಿದದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಕೇಳಿ. ರೆಸಿಸ್ಟರನ್ನು ಎಲ್‌ಇಡಿ ಜೊತೆ ಸಾಲಿನಲ್ಲಿ ಹಾಕಲೇಬೇಕು, ಇಲ್ಲದಿದ್ದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಕಪ್ಪು ಕಾಗದ ಸುತ್ತಿ ಒಂದು ಕೊಳವೆ ಮಾಡಿ, ಎಲ್‌ಇಡಿ ಅದರ ಒಂದು ತುದಿಗೆ, ಕಣ್ಣು ಇನ್ನೊಂದು ತುದಿಗೆ. ಪೊಟೆನ್ಶಿಯೋಮೀಟರನ್ನು ನಿಧಾನ ತಿರುಗಿಸಿ. ಬೆಳಕು ಮೊದಲು ಮಿಣುಕಿದಾಗ ಎಲ್‌ಇಡಿಯ ಎರಡು ಕಾಲುಗಳ ನಡುವಿನ ವೋಲ್ಟೇಜ್ ಓದಿ.

ಕೆಂಪಿಗೆ 1.8 ವೋಲ್ಟ್ ಬಂತು, ತರಂಗಾಂತರ 630 ನ್ಯಾನೋಮೀಟರ್ ಅಂತ ಇಟ್ಟುಕೊಳ್ಳಿ. ವೋಲ್ಟೇಜನ್ನು ಎಲೆಕ್ಟ್ರಾನಿನ ವಿದ್ಯುದಂಶದಿಂದ, ತರಂಗಾಂತರದಿಂದ ಗುಣಿಸಿ, ಬೆಳಕಿನ ವೇಗದಿಂದ ಭಾಗಿಸಿ. 6.06 ಗುಣಿಸು 10ರ ಮೈನಸ್ 34. ನೀಲಿಗೆ 2.6 ವೋಲ್ಟ್, 465 ನ್ಯಾನೋಮೀಟರ್ ಆದರೆ 6.46. ನಿಜವಾದ ಬೆಲೆ 6.626. 2019ರಿಂದ ಈ ಸಂಖ್ಯೆಯನ್ನು ಶಾಶ್ವತವಾಗಿ ನಿಗದಿ ಮಾಡಿದ್ದಾರೆ, ಕಿಲೋಗ್ರಾಂನ ವ್ಯಾಖ್ಯೆಯೇ ಈಗ ಇದರ ಮೇಲೆ ನಿಂತಿದೆ. ಅಂಗಡಿಯ ಎಲ್‌ಇಡಿಯಿಂದ ಅದರ ಇಷ್ಟು ಹತ್ತಿರ ಹೋಗಬಹುದು. ಯಾಕೆ ಸರಿಯಾಗಿ ಬರಲಿಲ್ಲ ಅನ್ನುವುದೂ ಒಳ್ಳೆ ಪ್ರಶ್ನೆ, ಅದನ್ನು ರೆಕಾರ್ಡಿನಲ್ಲಿ ಬರೆಯಿರಿ.

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ನಿಮ್ಮ ಕಾಲೇಜಿನಲ್ಲಿ ಏನಾದರೂ ಇಡಿ ಅಂತ ಹೇಳುತ್ತಾರಲ್ಲ, ಇದನ್ನೇ ಇಡಿ. ರಾಮನ್ 1928ರಲ್ಲಿ ಬಳಸಿದ್ದೂ ಬಹಳ ಸರಳ ಸಲಕರಣೆಯೇ.

ಆಳಂದ ರಸ್ತೆ

ಸರ್, ಮಾಡಿಯೇ ಮಾಡುತ್ತೇನೆ. ಬೆಂಚಿನವರನ್ನೂ ಸೇರಿಸುತ್ತೇನೆ. ಬಿಳಿ ಮತ್ತು ಹಸಿರು ಎಲ್‌ಇಡಿ ಕೂಡ ತರಬಹುದಾ? ಇನ್ನೊಂದು, ನಮ್ಮ ಲ್ಯಾಬಿನಲ್ಲಿ ಬೇಸಿಗೆಯಲ್ಲಿ ಬಹಳ ಬಿಸಿ, ಅದರಿಂದ ರೀಡಿಂಗ್ ಕೆಡುತ್ತದಾ?

ಶಹಾಪುರ ಕಡೆ ಮೇಷ್ಟ್ರು

ಬಿಳಿ ಬೇಡ. ಅದರ ಒಳಗೆ ಇರುವುದು ನೀಲಿ ಎಲ್‌ಇಡಿಯೇ, ಮೇಲೆ ಫಾಸ್ಫರ್ ಅನ್ನುವ ಹೊಳೆಯುವ ವಸ್ತು ಬಳಿದು ಬಿಳಿ ಮಾಡಿರುತ್ತಾರೆ, ಒಂದು ತರಂಗಾಂತರ ಇರುವುದಿಲ್ಲ. ಹಸಿರು ತನ್ನಿ, ಆದರೆ ಅದರಲ್ಲಿ ಎರಡು ಬಗೆ ಇವೆ, ಹಳೆಯ ಹಳದಿ ಮಿಶ್ರಿತ ಹಸಿರು ಒಂದು, ಹೊಸ ಗಾಢ ಹಸಿರು ಇನ್ನೊಂದು. ಎರಡರ ವಸ್ತು ಬೇರೆ, ವೋಲ್ಟೇಜೂ ಬೇರೆ. ಅಂಗಡಿಯವರ ಹತ್ತಿರ ತರಂಗಾಂತರ ಕೇಳಿಕೊಳ್ಳಿ. ಬಣ್ಣದ ಪ್ಲಾಸ್ಟಿಕ್ ತಲೆಯದು ಬಿಟ್ಟು ಪಾರದರ್ಶಕ ತಲೆಯದು ತೆಗೆದುಕೊಂಡರೆ ನಿಜವಾಗಿ ಯಾವ ಬಣ್ಣ ಬರುತ್ತಿದೆ ಅಂತ ಗೊತ್ತಾಗುತ್ತದೆ.

ಬಿಸಿಲಿಗೆ ಹೆದರಬೇಡಿ. ಎಲ್‌ಇಡಿಯ ವೋಲ್ಟೇಜ್ ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. 25 ಡಿಗ್ರಿಯ ಕೋಣೆಗೂ ಮೇ ತಿಂಗಳ 42 ಡಿಗ್ರಿಯ ಕೋಣೆಗೂ ವ್ಯತ್ಯಾಸ 34 ಮಿಲಿವೋಲ್ಟ್. ಕೆಂಪಿನ 1.8 ವೋಲ್ಟ್ ಮುಂದೆ ಅದು ನೂರಕ್ಕೆ ಎರಡು. ಬೇಕಾದರೆ ಬೆಳಿಗ್ಗೆ ಏಳಕ್ಕೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ಅಳೆದು ನೋಡಿ. ಬಂದ ರೀಡಿಂಗ್ ಇಲ್ಲಿ ಹಾಕಿ, ಕೆಂಪು ನೀಲಿ ಎರಡೂ. ಎಲ್‌ಇಡಿಯ ತರಂಗಾಂತರ ಬರೆಯುವುದನ್ನು ಮರೆಯಬೇಡಿ.